ಆ ಮೂರು ತ್ರೀ ನಾಟ್ ತ್ರೀ

2025ರ ಜನವರಿ 8, ಬುಧವಾರ. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಗೃಹ ಕಚೇರಿ 'ಕೃಷ್ಣಾ'ದಲ್ಲಿ ಆರು ಮಂದಿ ನಕ್ಸಲರು ಶರಣಾದರು. ಮುಂಡಗಾರು ಲತಾ, ವನಜಾಕ್ಷಿ, ಸುಂದರಿ, ಮಾರೆಪ್ಪ ಅರೋಲಿ, ವಸಂತ, ಜೀಶಾ. ಅವತ್ತು ಸಂಜೆ ನಾನು ಲೈವ್‌ನಲ್ಲಿದ್ದೆ. ಎಲ್ಲ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಉಳೀತು. ಬಂದವರು ಬರಿಗೈಲಿ ಬಂದಿದ್ದಾರಲ್ಲ, ಗನ್ ಎಲ್ಲಿ?

ವಿರೋಧ ಪಕ್ಷದವರು ಕೇಳಿದ್ರು. ನಾವೂ ಕೇಳಿದ್ವಿ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಉತ್ತರ ಬಂತು. ಕೊಪ್ಪ ತಾಲೂಕಿನ ಜಯಪುರ ಠಾಣೆ ವ್ಯಾಪ್ತಿ, ಮೇಗೂರು ಹತ್ತಿರದ ಕಿತ್ತಲೆಗಂಡಿ ಕಾಡು. ಅಲ್ಲಿ ಸಿಕ್ಕಿದ್ದು ಒಂದು ಎಕೆ-56, ಮೂರು .303 ರೈಫಲ್, ಒಂದು ಒಂಟಿನಳಿಗೆಯ 12 ಬೋರ್ ಕೋವಿ, ಒಂದು ನಾಡ ಪಿಸ್ತೂಲು. ಜೊತೆಗೆ 176 ಗುಂಡು. ಅದರಲ್ಲಿ 133 ಆ .303ಕ್ಕೆ ಸೇರಿದ್ದು.

ನಮ್ಮ ಚಾನೆಲ್‌ನಲ್ಲಿ ಏನು ಮಾಡಿದ್ವಿ? ಹೇಳೋಕೆ ನಾಚಿಕೆಯಾಗುತ್ತೆ. ಪರದೆ ತುಂಬಾ ಎಕೆ, ಸುತ್ತ ಕೆಂಪು ವೃತ್ತ. ಕೆಳಗಿನ ಪಟ್ಟಿಯಲ್ಲಿ ಅದು ಸ್ವಲ್ಪ ಹೊತ್ತು ಎಕೆ-47 ಆಗಿತ್ತು, ಆಮೇಲೆ 56 ಆಯ್ತು. ಚೀನಾದವರು ಮಾಡಿದ ಎಕೆಯಲ್ಲಿ ನಳಿಗೆ ತುದಿಯ ಗುರಿಕಡ್ಡಿಯ ಸುತ್ತ ಪೂರ್ತಿ ಮುಚ್ಚಿದ ಉಂಗುರ ಇರುತ್ತೆ, ರಷ್ಯಾದ್ದರಲ್ಲಿ ಮೇಲ್ಭಾಗ ತೆರೆದಿರುತ್ತೆ. ಇಷ್ಟು ಗೊತ್ತಿದ್ದರೆ ಆ ಗೊಂದಲವೇ ಆಗ್ತಿರಲಿಲ್ಲ. ಇರಲಿ. ಪಕ್ಕದಲ್ಲಿದ್ದ ಮೂರು .303 ಬಗ್ಗೆ ನಾವು ಒಂದು ವಾಕ್ಯ ಹೇಳಿದ್ದೇ ಹೆಚ್ಚು. 'ಹಳೇ ಕಾಲದ ರೈಫಲ್' ಅಂದು ಮುಂದಕ್ಕೆ ಹೋದ್ವಿ.

ಮರುದಿನ ಫೋನ್ ಬಂತು. ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡಿಕೊಂಡೇ ನಿವೃತ್ತರಾದ ಹಿರಿಯರೊಬ್ಬರು. ಎಕೆ ಬಿಟ್ಟಾಕಿ, ಆ ಮರದ ಬಂದೂಕುಗಳ ಕುತ್ತಿಗೆ ಹತ್ತಿರ ಕ್ಯಾಮೆರಾ ಯಾಕೆ ತಗೊಂಡು ಹೋಗಲಿಲ್ಲ ಅಂತ ನನ್ನನ್ನೇ ತರಾಟೆಗೆ ತಗೊಂಡ್ರು. ಕುತ್ತಿಗೆ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಅವರು ಮುಕ್ಕಾಲು ಗಂಟೆ ಪಾಠ ಮಾಡಿದರು. ಆ ಪಾಠ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಹೆಸರು. ನಮ್ಮ ಹಳ್ಳಿಗಳಲ್ಲಿ 'ತ್ರೀ ನಾಟ್ ತ್ರೀ' ಅನ್ನೋದು ಒಂದು ಬಂದೂಕಿನ ಹೆಸರು ಅಂತಲೇ ನಂಬಿಕೆ. ಅದು ಬಂದೂಕಿನ ಹೆಸರಲ್ಲ, ಗುಂಡು ಹೋಗುವ ನಳಿಗೆಯ ಅಳತೆ. ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 303 ಭಾಗ, ನಮ್ಮ ಲೆಕ್ಕದಲ್ಲಿ 7.7 ಮಿಲಿಮೀಟರ್. ಬಂದೂಕಿನ ಹೆಸರು ಲೀ-ಎನ್‌ಫೀಲ್ಡ್. ಜೇಮ್ಸ್ ಪ್ಯಾರಿಸ್ ಲೀ ಅನ್ನೋ ಸ್ಕಾಟ್‌ಲೆಂಡ್ ಮೂಲದ ವ್ಯಕ್ತಿ ಅದರ ಬೋಲ್ಟು ಮತ್ತು ಮ್ಯಾಗಜೀನ್ ವ್ಯವಸ್ಥೆ ಕಂಡುಹಿಡಿದ. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಕಾರ್ಖಾನೆ ಅದಕ್ಕೆ ನಳಿಗೆ ಕೊಟ್ಟಿತು. 1895ರಲ್ಲಿ ಶುರುವಾದ ಈ ಸಂತತಿ ಎರಡು ಮಹಾಯುದ್ಧ ಕಂಡಿತು. ಒಂದು ಕೋಟಿಗೂ ಹೆಚ್ಚು ತಯಾರಾದವು. ಒಂದು ರೈಫಲ್ಲಿನ ತೂಕ ಸುಮಾರು 4 ಕೆ.ಜಿ., ಹೊಟ್ಟೆಯಲ್ಲಿ 10 ಗುಂಡು.

ನಮ್ಮಲ್ಲೂ ಇದು ತಯಾರಾಯಿತು. ಕೋಲ್ಕತ್ತಾದ ಹತ್ತಿರ ಹೂಗ್ಲಿ ದಂಡೆಯ ಮೇಲಿರುವ ಇಶಾಪುರದಲ್ಲಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಆ ಕಾರ್ಖಾನೆ ಬ್ರಿಟಿಷ್ ಸೈನ್ಯಕ್ಕೂ ಮಾಡಿತು, ಸ್ವತಂತ್ರ ಭಾರತಕ್ಕೂ ಮಾಡಿತು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗ್‌ನಲ್ಲಿ ಹಾರಿದ 1,650 ಗುಂಡುಗಳು .303. 1962ರಲ್ಲಿ ಚೀನಾ ಗಡಿಯ ಹಿಮದಲ್ಲಿ ನಮ್ಮ ಜವಾನರ ಕೈಲಿದ್ದದ್ದೂ .303. ಎದುರಿಗಿದ್ದವರ ಕೈಲಿ ಆಗಲೇ ಸ್ವಯಂಚಾಲಿತ ಅಸ್ತ್ರಗಳು. 2008ರ ನವೆಂಬರ್ 26ರ ರಾತ್ರಿ ಮುಂಬೈನ ರೈಲು ನಿಲ್ದಾಣದಲ್ಲಿ ಎಕೆ ಹಿಡಿದು ಬಂದವರ ಎದುರು ನಮ್ಮವರು ಹಿಡಿದಿದ್ದೂ ಇದೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ದಿನ ಇದಕ್ಕೆ ಮೆರವಣಿಗೆಯಲ್ಲೇ ವಿದಾಯ ಹೇಳಿದರು.

ಈಗ ಪಾಠ. ಟೇಬಲ್ ಮೇಲೆ ಒಂದು .303 ಇಟ್ಟಿದ್ದಾರೆ ಅಂದುಕೊಳ್ಳಿ. ಮೊದಲು ಮೂತಿ ನೋಡಬೇಕು. ನಳಿಗೆಯ ತುದಿ ಮುಂದಿನ ಕಬ್ಬಿಣದ ಟೋಪಿಗೆ ಸಮನಾಗಿ, ಮೂಗು ಕತ್ತರಿಸಿದ ಹಾಗೆ ಮೊಂಡಾಗಿದ್ದರೆ ಅದು ಹಳೇ ಮಾದರಿ. 1907ರ ಮಾರ್ಕ್ 3 ಅಥವಾ ಅದರ ತಮ್ಮ. 1926ರ ನಂತರ ಇದನ್ನು ನಂಬರ್ 1 ಅಂತ ಕರೆದರು. ನಳಿಗೆ ಒಂದೆರಡು ಬೆರಳಷ್ಟು ಹೊರಗೆ ಚಾಚಿಕೊಂಡಿದ್ದರೆ ಅದು ಎರಡನೇ ಮಹಾಯುದ್ಧದ ನಂಬರ್ 4. ಹಿಂದಿನ ಗುರಿಪಟ್ಟಿ ಎಲ್ಲಿದೆ ನೋಡಿ. ನಂಬರ್ 1ರಲ್ಲಿ ಅದು ನಳಿಗೆಯ ಮೇಲೆ ಮಧ್ಯದಲ್ಲಿರುತ್ತೆ. ನಂಬರ್ 4ರಲ್ಲಿ ಹಿಂದಕ್ಕೆ ಬಂದು ಕಣ್ಣಿನ ಹತ್ತಿರ ಕೂತಿರುತ್ತೆ, ಸಣ್ಣ ತೂತಿನ ಮೂಲಕ ನೋಡೋದು. ಭಾರತದಲ್ಲಿ ಇಶಾಪುರ ಮಾಡಿದ್ದು ನಂಬರ್ 1 ಜಾತಿ. ನಂಬರ್ 4 ಬಂದಿದ್ದು ಬ್ರಿಟನ್, ಕೆನಡಾ, ಅಮೆರಿಕದಿಂದ. ಅಮೆರಿಕದ್ದಾದರೆ ಮೈಮೇಲೆ ಅಮೆರಿಕ ಸರ್ಕಾರದ ಆಸ್ತಿ ಅನ್ನೋ ಮುದ್ರೆಯೇ ಇರುತ್ತೆ.

ಮ್ಯಾಗಜೀನ್ ಚೌಕಾಕಾರವಾಗಿ ಪೆಟ್ಟಿಗೆ ಥರ ಕೆಳಗೆ ಇಳಿದಿದೆಯಾ? ಹಾಗಾದ್ರೆ ಅದು .303 ಅಲ್ಲವೇ ಅಲ್ಲ! 1962ರ ಏಟು ತಿಂದ ಮೇಲೆ ಇಶಾಪುರದವರು ಹಳೇ ವಿನ್ಯಾಸವನ್ನೇ ಇಟ್ಟುಕೊಂಡು, ಉಕ್ಕು ಗಟ್ಟಿ ಮಾಡಿ, 7.62 ಮಿ.ಮೀ. ಗುಂಡು ಹಾರುವ ಹಾಗೆ ಮಾಡಿದ 2ಎ, 2ಎ1 ರೈಫಲ್ ಅದು. ಹೊಟ್ಟೆಯಲ್ಲಿ 12 ಗುಂಡು. .303ರ ಗುರಿಪಟ್ಟಿಯಲ್ಲಿ 2,000 ಗಜದವರೆಗೂ ಗೆರೆ ಇದ್ದರೆ 2ಎ1ರಲ್ಲಿ 800 ಮೀಟರಿಗೆ ನಿಲ್ಲುತ್ತೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಪತ್ರಿಕಾ ಪ್ರಕಟಣೆಯಲ್ಲಿ ಬರೆಯೋ ಗುಮಾಸ್ತರಿಗೂ ಒಂದೇ. ಆದರೆ ಒಂದರ ಗುಂಡು ಇನ್ನೊಂದಕ್ಕೆ ಆಗಲ್ಲ.

ಆಮೇಲೆ ಕುತ್ತಿಗೆ. ಬೋಲ್ಟಿನ ಹಿಂದೆ, ಬಲಗೈ ಮುಷ್ಟಿ ಹಿಡಿಯುವ ಜಾಗದಲ್ಲಿ ಒಂದು ಉಕ್ಕಿನ ಪಟ್ಟಿ ಇದೆ. ಬಲ ಬದಿಗೆ ತಿರುಗಿಸಿದ್ರೆ ಅಲ್ಲಿ ಜಾತಕ ಸಿಗುತ್ತೆ. ಮೇಲೆ ಕಿರೀಟ. ಕೆಳಗೆ ರಾಜನ ಹೆಸರಿನ ಅಕ್ಷರ, ತಯಾರಿಸಿದ ಕಾರ್ಖಾನೆ, ಇಸವಿ, ಮಾದರಿ. ಭಾರತದ್ದಾದರೆ 'ಜಿ.ಆರ್.ಐ.' ಅಂತಿರಬಹುದು. ಜಾರ್ಜ್, ರಾಜ, ಚಕ್ರವರ್ತಿ. ಕೊನೆಯ 'ಐ' ಚಕ್ರವರ್ತಿಯದ್ದು, ಭಾರತ ಕೈಲಿದ್ದದ್ದಕ್ಕೇ ಸಿಕ್ಕ ಬಿರುದು. ಸ್ವಾತಂತ್ರ್ಯದ ನಂತರ ಇಶಾಪುರದ ರೈಫಲ್‌ಗಳ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಕೆಳಗೆ 'ಆರ್.ಎಫ್.ಐ.', ಅಂದರೆ ರೈಫಲ್ ಫ್ಯಾಕ್ಟರಿ ಇಶಾಪುರ. ಅದೇ ಯಂತ್ರ, ಅದೇ ಅಚ್ಚು, ಬಹುಶಃ ಅದೇ ಕೆಲಸಗಾರರು. ಬದಲಾಗಿದ್ದು ಮುದ್ರೆ ಮಾತ್ರ.

ಕೆಲವದರ ಮುಂಗೈ ಮರಕ್ಕೆ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿರುತ್ತಾರೆ. ನಮ್ಮೂರ ಕಡೆ ಕೊಡಲಿ ಕಾವಿಗೆ ಸುತ್ತಿದ ಹಾಗೆ. ಅದು ಅಲಂಕಾರ ಅಲ್ಲ. ನಳಿಗೆ ತುದಿಗೆ ಬಟ್ಟಲು ಸಿಕ್ಕಿಸಿ ಗ್ರೆನೇಡ್ ಎಸೆಯಲು ಬಳಸಿದ ರೈಫಲ್, ಮರ ಸೀಳದಿರಲಿ ಅಂತ ಸುತ್ತಿದ್ದು. 'ಡಿ.ಪಿ.' ಅಂತಿದ್ದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸುವಂತಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ನಾನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದ್ದು ಅಂಥದ್ದನ್ನೇ. ಮೂರು ವರ್ಷ ಹೊತ್ತಿದ್ದೀನಿ, ಒಂದು ಸಲವೂ ಕುತ್ತಿಗೆ ತಿರುಗಿಸಿ ಓದಲಿಲ್ಲ.

ಸುಳ್ಳು ಜಾತಕಗಳೂ ಇವೆ. ಈಗಿನ ಪಾಕಿಸ್ತಾನದ ದರ್ರಾ ಆದಂ ಖೇಲ್ ಕಡೆ ಕೈಯಲ್ಲೇ ಅರ ತಿಕ್ಕಿ ಲೀ-ಎನ್‌ಫೀಲ್ಡ್ ಮಾಡುವವರಿದ್ದಾರೆ. ಅವರು ಮುದ್ರೆಯನ್ನೂ ನೋಡಿ ಕೆತ್ತುತ್ತಾರೆ. ಅಕ್ಷರ ತಿರುಗುಮುರುಗಾಗಿರುತ್ತೆ. ಕೆಲವೊಮ್ಮೆ 1901ರಲ್ಲೇ ತೀರಿಹೋದ ವಿಕ್ಟೋರಿಯಾ ರಾಣಿಯ ಅಕ್ಷರದ ಕೆಳಗೆ ಮೊದಲ ಮಹಾಯುದ್ಧದ ಇಸವಿ!

ಇಂಥ ಓದನ್ನೇ ಹವ್ಯಾಸ ಮಾಡಿಕೊಂಡವರು ಪಶ್ಚಿಮದ ದೇಶಗಳಲ್ಲಿ ಸಾವಿರಾರು ಜನ ಇದ್ದಾರೆ. ಅವರಿಗೆ ತುಂಬ ಇಷ್ಟದ್ದು ಫಿನ್‌ಲೆಂಡಿನ ರೈಫಲ್. 1917ರ ಡಿಸೆಂಬರ್‌ನಲ್ಲಿ ಫಿನ್‌ಲೆಂಡ್ ರಷ್ಯಾದಿಂದ ಬಿಡುಗಡೆಯಾದಾಗ ಉಳಿದದ್ದು ಝಾರ್ ದೊರೆಯ ಸೈನ್ಯದ ಮೋಸಿನ್-ನಾಗಾಂಟ್ ರೈಫಲ್‌ಗಳ ರಾಶಿ. ಬಡ ದೇಶ. ಎಸೆಯಲಿಲ್ಲ. ಆ ಹಳೇ ರಷ್ಯನ್ ಒಡಲಿಗೆ ತಮ್ಮ ನಳಿಗೆ, ತಮ್ಮ ಮರ, ತಮ್ಮ ಗುರಿಪಟ್ಟಿ ಕೂರಿಸಿದರು. ಎಂ/27, ಎಂ/28, ಎಂ/28-30, ಕೊನೆಗೆ ಎಂ/39. ಕೊನೆಯದು ಸುಮಾರು ಒಂದು ಲಕ್ಷ ತಯಾರಾಯಿತು. ವಿಕೆಟಿ, ಸಾಕೋ ಅನ್ನೋ ಕಾರ್ಖಾನೆಗಳ ಹೆಸರು ನಳಿಗೆಯ ಮೇಲೆ. 1942ರಿಂದ ಫಿನ್‌ಲೆಂಡ್ ಸೈನ್ಯದ 'ಎಸ್.ಎ.' ಚೌಕ ಮುದ್ರೆ. ಆದರೆ ಒಡಲು ಮಾತ್ರ ಫಿನ್‌ಲೆಂಡ್ ಯಾವತ್ತೂ ಸ್ವಂತ ಮಾಡಲಿಲ್ಲ. ಮರ ಬಿಚ್ಚಿ ಒಡಲಿನ ಬಾಲದ ಅಡಿ ನೋಡಿದ್ರೆ 1890ರ ದಶಕದ ರಷ್ಯನ್ ಇಸವಿ ಸಿಗುತ್ತೆ. ರಷ್ಯಾದ ವಿರುದ್ಧವೇ ಹಾರಿದ ಬಂದೂಕಿನ ಹೊಟ್ಟೆಯೊಳಗೆ ರಷ್ಯಾದ ದೊರೆಯ ಕಾಲದ ಇಸವಿ. ಅಮೆರಿಕದ ಕಾನೂನಿನಲ್ಲಿ 1899ಕ್ಕಿಂತ ಹಿಂದಿನ ಬಂದೂಕು ಪುರಾತನ ವಸ್ತು. ಹಾಗಾಗಿ ಅಂಥ ಇಸವಿ ಸಿಕ್ಕರೆ ಸಂಗ್ರಾಹಕನಿಗೆ ಹಬ್ಬ, ಬೆಲೆಯೂ ಬೇರೆ, ಕಾನೂನೂ ಬೇರೆ. ನಮ್ಮ ಇಶಾಪುರದ 2ಎ1 ಕೂಡ ಹಡಗು ಹತ್ತಿ ಅಮೆರಿಕದ ಅಂಗಡಿಗಳಿಗೆ ಹೋಗಿ, ಅಲ್ಲಿನವರ ಗೋಡೆ ಮೇಲೆ ಕೂತಿದೆ.

ನಮ್ಮಲ್ಲಿ ಈ ಹವ್ಯಾಸ ಯಾಕಿಲ್ಲ? ಯಾಕಂದ್ರೆ .303 ನಮ್ಮಲ್ಲಿ ನಿಷೇಧಿತ ಬೋರ್. ಸೈನ್ಯ, ಪೊಲೀಸರ ಗುಂಡು ಹಿಡಿಸುವ ಬಂದೂಕು ಸಾಮಾನ್ಯ ಲೈಸೆನ್ಸಿನಲ್ಲಿ ಸಿಗಲ್ಲ. ಅದರ ಬೇರು ಹಳೇದು.

1857ರ ನಂತರ ಬ್ರಿಟಿಷರು ಒಂದು ಪಾಠ ಕಲಿತರು. ಭಾರತೀಯ ಸಿಪಾಯಿಗಳಿಗೆ ಕೊಟ್ಟ 1858ರ ಮಾದರಿಯ ಎನ್‌ಫೀಲ್ಡ್‌ನಲ್ಲಿ ನಳಿಗೆಯೊಳಗಿನ ಸುರುಳಿ ಗೀರುಗಳೇ ಇಲ್ಲ. ಗೀರು ಇಲ್ಲದಿದ್ದರೆ ಗುಂಡು ದೂರ ನೇರ ಹೋಗಲ್ಲ. ನಂತರದ ದಶಕಗಳಲ್ಲೂ ಗೋರಾ ಪಲ್ಟನ್ನಿಗೆ ಹೊಸ ಬಂದೂಕು, ಕರಿಯ ಪಲ್ಟನ್ನಿಗೆ ಒಂದು ತಲೆಮಾರು ಹಳೇದು. 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು: ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನರಿಗೆ ವಿನಾಯಿತಿ.

ಇನ್ನೊಂದು ವಿಚಿತ್ರ ಇದೆ. .410 ಮಸ್ಕೆಟ್. ಇಶಾಪುರದಲ್ಲೇ .303 ರೈಫಲ್ ತಗೊಂಡು, ನಳಿಗೆ ಕೊರೆದು ಗೀರು ತೆಗೆದು, ಮ್ಯಾಗಜೀನ್ ಜಾಗಕ್ಕೆ ಮರದ ಬೆಣೆ ಹೊಡೆದು, ಒಂದೊಂದೇ ಗುಂಡು ಹಾಕುವ ಬಂದೂಕು ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ನೋಡೋಕೆ ಥೇಟ್ .303. ಸಮೀಪದ ಗುಂಪಿನ ಮೇಲೆ ಹಾರಿಸೋಕೆ ಸಾಕು. ಕೈತಪ್ಪಿ ಬಂಡಾಯಗಾರರಿಗೆ ಸಿಕ್ಕರೆ ಸೈನ್ಯದ ಗುಂಡು ಅದಕ್ಕೆ ಹೊಂದಲ್ಲ, ದೂರಕ್ಕೆ ಉಪಯೋಗವೂ ಇಲ್ಲ. ಬಂದೂಕು ಕಳುವಾಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಮಾಡಿದ ಬಂದೂಕು! ಒಂದು ಸರ್ಕಾರ ಜನರನ್ನು ಎಷ್ಟು ನಂಬುತ್ತೆ ಅನ್ನೋದನ್ನ ಕಾಯ್ದೆ ಪುಸ್ತಕಕ್ಕಿಂತ ಆ ಮರದ ಬೆಣೆ ಚೆನ್ನಾಗಿ ಹೇಳುತ್ತೆ.

ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಘಟ್ಟದ ಈ ಕಡೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಆ ಭಾಗ್ಯ ಇಲ್ಲ. ಇಲ್ಲಿ ಬೆಳೆ ಕಾಯೋಕೆ ಲೈಸೆನ್ಸಿನ ಕೋವಿ. ಕೇಪಿನ ಕೋವಿ, ತೋಟೆ ಕೋವಿ, ಅನುಕೂಲಸ್ಥರ ಮನೆಯಲ್ಲಿ ಜೋಡುನಳಿಗೆ. ಹಂದಿ, ಮಂಗ ತೋಟಕ್ಕೆ ನುಗ್ಗಿದಾಗ ಒಂದು ಈಡು ಹೊಡೆದು ಸದ್ದು ಮಾಡೋಕೆ. ಚುನಾವಣೆ ಘೋಷಣೆಯಾಯ್ತು ಅಂದ್ರೆ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ ಬರಬೇಕು. 2024ರಲ್ಲಿ ಮಾರ್ಚಿನಲ್ಲಿ ಘೋಷಣೆ, ಈ ಭಾಗದಲ್ಲಿ ಏಪ್ರಿಲ್ 26ಕ್ಕೇ ಮತದಾನ, ಆದರೆ ಫಲಿತಾಂಶ ಜೂನ್ 4ಕ್ಕೆ. ಅಷ್ಟರಲ್ಲಿ ಹಂದಿ ಗದ್ದೆ ತೋಟದಲ್ಲಿ ತನ್ನ ಚುನಾವಣೆ ಮುಗಿಸಿರುತ್ತೆ. ಬಾಳೆಹೊನ್ನೂರು ಕಡೆಯ ರೈತರು ಈ ಮಾತನ್ನ ನನ್ನ ಎದುರೇ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಅವರ ಪ್ರತಿಯೊಂದು ಕೋವಿಯ ನಂಬರೂ ಠಾಣೆಯ ಪುಸ್ತಕದಲ್ಲಿದೆ. ಎಷ್ಟು ತೋಟೆ ಕೊಂಡ್ರಿ ಅನ್ನೋದಕ್ಕೂ ಲೆಕ್ಕ ಇದೆ.

ಹಾಗಾದ್ರೆ ಸರ್ಕಾರದ ರೈಫಲ್‌ಗೆ ಲೆಕ್ಕ ಇಲ್ವಾ? ಇದೆ. ನಾನು ಹೇಳೋಕೆ ಹೊರಟಿದ್ದೇ ಇದನ್ನ.

.303 ಯಾವ ಅಂಗಡಿಯಲ್ಲೂ ಸಿಗಲ್ಲ. ಒಂದು ಕಾಲದಲ್ಲಿ ಯಾವುದೋ ಶಸ್ತ್ರಾಗಾರದ ಪುಸ್ತಕದಲ್ಲಿ ಅದಕ್ಕೆ ಸಹಿ ಬಿದ್ದೇ ಬಿದ್ದಿರುತ್ತೆ. ಇಂಥ ದಿನ, ಇಂಥ ಪೇದೆಗೆ ಕೊಟ್ಟಿದ್ದು, ವಾಪಸ್ ಪಡೆದಿದ್ದು. 2004ರ ಫೆಬ್ರವರಿಯಲ್ಲಿ ಒಡಿಶಾದ ಕೊರಾಪುಟ್‌ನಲ್ಲಿ ಮಾವೋವಾದಿಗಳು ಜಿಲ್ಲಾ ಪೊಲೀಸ್ ಶಸ್ತ್ರಾಗಾರವನ್ನೇ ದೋಚಿದರು. 2008ರಲ್ಲಿ ಅದೇ ರಾಜ್ಯದ ನಯಾಗಢದಲ್ಲೂ ಹಾಗೇ ಆಯ್ತು. ನಮ್ಮಲ್ಲಿ 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿ. ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರನ್ನು ಕೊಂದು ಆಯುಧ ಹೊತ್ತೊಯ್ದರು. ಅದಕ್ಕೆ ನಾಲ್ಕೇ ದಿನ ಮುಂಚೆ, ಫೆಬ್ರವರಿ 6ರಂದು, ಇದೇ ಕೊಪ್ಪ ತಾಲೂಕಿನ ಮೆಣಸಿನಹಾಡ್ಯದಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಸಾಕಿ ಅನ್ನೋ ಹೆಸರಲ್ಲಿ ಕರ್ನಾಟಕದ ಇತಿಹಾಸವನ್ನು 'ಮೇಕಿಂಗ್ ಹಿಸ್ಟರಿ' ಅಂತ ಎರಡು ಸಂಪುಟ ಬರೆದ ಮನುಷ್ಯ. ಅವನ ದಾರಿಯನ್ನು ನಾನು ಒಪ್ಪಿದವನಲ್ಲ. ಆದರೆ ಹಳೇ ಶಾಸನ, ಹಳೇ ದಾಖಲೆಗಳಲ್ಲಿ ಯಾರು ಯಾರಿಗೆ ಏನು ಕೊಟ್ಟರು, ಯಾರಿಂದ ಏನು ಕಿತ್ತುಕೊಂಡರು ಅಂತ ಹುಡುಕಿದವನ ಗುಂಪಿನ ಹಾದಿಯಲ್ಲೇ ಇಪ್ಪತ್ತು ವರ್ಷದ ನಂತರ ಹೀಗೆ ಓದಬೇಕಾದ ಮೂರು ಉಕ್ಕಿನ ಶಾಸನ ಸಿಕ್ಕವು ಅನ್ನೋದು ನನಗೆ ಆಮೇಲೆ ಹೊಳೆಯಿತು.

ನಂಬರ್ ಉಜ್ಜಿ ಹಾಕಿದ್ರೆ? ಅದಕ್ಕೂ ಮದ್ದಿದೆ. ಅಚ್ಚು ಒತ್ತಿದಾಗ ಅಕ್ಷರದ ಅಡಿಯ ಉಕ್ಕು ಒಳಗೊಳಗೇ ನಲುಗಿರುತ್ತೆ. ಮೇಲ್ಮೈ ಅರದಿಂದ ತಿಕ್ಕಿದರೂ ಆ ನಲುಗು ಹೋಗಲ್ಲ. ಪ್ರಯೋಗಾಲಯದಲ್ಲಿ ನಯ ಮಾಡಿ ಆಮ್ಲ ಹಚ್ಚಿದರೆ ಅಂಕಿಗಳು ಮಸುಕಾಗಿ ಎದ್ದು ಬರುತ್ತವೆ. ಬೆಂಗಳೂರಿನ ಮಡಿವಾಳದಲ್ಲಿ ನಮ್ಮದೇ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇದೆ. 2015ರಲ್ಲಿ ಎಂ.ಎಂ. ಕಲಬುರ್ಗಿ ಅವರನ್ನೂ 2017ರಲ್ಲಿ ಗೌರಿ ಲಂಕೇಶ್ ಅವರನ್ನೂ ಕೊಂದಿದ್ದು ಒಂದೇ ಪಿಸ್ತೂಲು ಅಂತ ಗೊತ್ತಾಗಿದ್ದು ಹೀಗೆ ಉಕ್ಕು ಬಿಟ್ಟ ಗುರುತು ಓದಿಯೇ. ಗುಂಡಿನ ಮೇಲೂ ನಳಿಗೆ ತನ್ನ ಸಹಿ ಹಾಕುತ್ತೆ. ಹಳೇ ಮಾರ್ಕ್ 3 ರೈಫಲ್ ಹಾಕೋದು ಎಡಕ್ಕೆ ತಿರುಗುವ ಐದು ಗೀರು.

ವಿದೇಶದ ಸಂಗ್ರಾಹಕ ಒಂದು ರೈಫಲ್ ಕೊಳ್ಳುವಾಗ ಒಡಲಿನ ನಂಬರ್, ಬೋಲ್ಟಿನ ನಂಬರ್, ಮೂತಿ ಟೋಪಿಯ ನಂಬರ್ ಮೂರೂ ಒಂದೇನಾ ಅಂತ ಭೂತಕನ್ನಡಿ ಹಿಡಿದು ನೋಡ್ತಾನೆ. ಎಲ್ಲ ಕೂಡಿದ್ರೆ ಬೆಲೆ ಜಾಸ್ತಿ. ಬೋಲ್ಟಿನ ನಂಬರ್ ಬೇರೆ ಇದ್ದರೆ ಎರಡು ರೈಫಲ್ ಸೇರಿ ಒಂದಾಗಿದೆ ಅಂತ ಅರ್ಥ. ಹಳೇ ನಂಬರ್ ಹೊಡೆದುಹಾಕಿ ಹೊಸದು ಒತ್ತಿದ್ದರೆ ಕಾರ್ಖಾನೆಗೆ ವಾಪಸ್ ಹೋಗಿ ಪೂರ್ತಿ ರಿಪೇರಿಯಾಗಿ ಬಂದಿದೆ ಅಂತ. ಅವನು ಹಣಕ್ಕಾಗಿ ಮಾಡೋ ಕೆಲಸವನ್ನ ನಮ್ಮಲ್ಲಿ ತನಿಖಾಧಿಕಾರಿ ಲೆಕ್ಕಕ್ಕಾಗಿ ಮಾಡಬೇಕು. ಆ ಮೂರು ರೈಫಲ್‌ಗಳ ಮೂರು ನಂಬರ್ ಯಾವ ರಾಜ್ಯದ, ಯಾವ ಪುಸ್ತಕದ ಎಷ್ಟನೇ ಪುಟದಲ್ಲಿ ಕೊನೇ ಸಲ ಬರೆದಿದ್ದಾರೆ? ಅಲ್ಲಿ ಸಹಿ ಹಾಕಿದ ಪೇದೆ ಮನೆಗೆ ಹೋದನಾ, ಹೆಣವಾಗಿ ಹೋದನಾ? ಶರಣಾದವರನ್ನ ಗನ್ ಎಲ್ಲಿ ಅಂತ ಕೇಳಿದ ನಾವು, ಗನ್ ಸಿಕ್ಕ ಮೇಲೆ ಇದು ಯಾರದ್ದಾಗಿತ್ತು ಅಂತ ಕೇಳಲೇ ಇಲ್ಲ. ನಕ್ಸಲರನ್ನೂ ಕೇಳಲಿಲ್ಲ, ಸರ್ಕಾರವನ್ನೂ ಕೇಳಲಿಲ್ಲ.

ಆ ರಾಶಿಯಲ್ಲಿ ಒಂದು ಒಂಟಿನಳಿಗೆ ಕೋವಿ ಇತ್ತಲ್ಲ, ಅದರ ಬಗ್ಗೆ ಹೇಳಿದಾಗ ಫೋನಿನ ಆ ಕಡೆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾದರು. ಅದು ಯಾವುದಾದರೂ ರೈತನ ಮನೆಯ ಗೋಡೆಯಿಂದ ಹೋಗಿದ್ದರೆ ಅವನು ಠಾಣೆಗೆ ಎಷ್ಟು ಸಲ ಅಲೆದಿರಬೇಕು ಅಂದರು.

ಫೋನ್ ಇಡೋ ಮುಂಚೆ ನಾನೊಂದು ಪ್ರಶ್ನೆ ಕೇಳಿದೆ. ಸೇವೆಗೆ ಸೇರಿದಾಗ ನಿಮ್ಮ ಕೈಗೆ ಕೊಟ್ಟ ಮೊದಲ ರೈಫಲ್ ಯಾವುದು ಸಾರ್? ಇಶಾಪುರದ್ದು, ಕಿರೀಟದ್ದು, ತಾಮ್ರದ ತಂತಿ ಸುತ್ತಿದ್ದು ಅಂದರು. ಮಳೆಗಾಲದಲ್ಲಿ ಆ ತಂತಿ ಹಸಿರು ಕಟ್ಟುತ್ತಿತ್ತಂತೆ, ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ. ನಂಬರ್ ನೆನಪಿದೆಯಾ ಅಂದೆ. ತಡವರಿಸದೆ, ಒಂದೊಂದೇ ಅಂಕಿ ಬಿಡಿಸಿ, ಶಾಲೆಯ ಹಾಜರಿ ಕೂಗಿದ ಹಾಗೆ ಹೇಳಿದರು. ನಾನು ಬರೆದುಕೊಂಡೆ. ಇಲ್ಲಿ ಹಾಕುತ್ತಿಲ್ಲ, ಅದು ಇವತ್ತಿಗೂ ಯಾವುದೋ ಪುಸ್ತಕದಲ್ಲಿ ಯಾರದೋ ಸಹಿಯ ಪಕ್ಕ ಇದ್ದೀತು.